ಕಪ್ಪು ವಾಚ್ ಕೇಸಿಗೆ ಹಳೇ ಕಳೆ ಬರ್ಸಿದ್ದು: ನನ್ನ ಅನುಭವ

ವಾಚ್ ಕೇಸಿನ (ಮೆಷಿನ್ ಕೂರೋ ಹೊರಕವಚದ) ಮೇಲಿರೋ ಪಿವಿಡಿ ಕೋಟಿಂಗ್, ಅಂದ್ರೆ ನಿರ್ವಾತದಲ್ಲಿ ಕೂರ್ಸಿರೋ ತೆಳು ಗಟ್ಟಿ ಕಪ್ಪು ಪದರ, ಸವೆಸಕ್ಕಾಗಲ್ಲ ಅಂತ ನನಗೆ ಹೇಳ್ದೋರು ಒಬ್ಬಿಬ್ಬರಲ್ಲ. ಅಶೋಕ ರೋಡಲ್ಲಿ ನನಗೆ ಕೆಲಸ ಕಲಿಸಿದ ಗುರುಗಳು "ಬೇಡ ಮರಿ, ಅದು ಉಜ್ಜಿದ್ರೆ ಹೋಗೋ ಬಣ್ಣ ಅಲ್ಲ" ಅಂದ್ರು. ಮಂಡ್ಯದ ನಮ್ಮ ಸೋದರಮಾವ ಅಂತೂ ಊಟಕ್ಕೆ ಕೂತಾಗ "ಹೊಸಾ ವಾಚ್ನ ಹಳೇದ್ ಮಾಡ್ಸಕ್ಕೆ ಯಾವನ್ಲಾ ಕಾಸ್ ಕೊಟ್ಟಾನು?" ಅಂತ ಎಲ್ರ ಮುಂದೆ ಕೇಳಿದ್ರು. ಈಗ ಹನ್ನೊಂದೋ ಹನ್ನೆರಡೋ ಕೇಸ್ ಮುಗ್ಸಿದೀನಿ, ಒಂದಕ್ಕೆ 1800 ತಗೋತೀನಿ. ಹೋದ ತಿಂಗಳು ಗುರುಗಳೇ ಐ ಗ್ಲಾಸ್ (ಕಣ್ಣಿಗೆ ಸಿಕ್ಕಿಸೋ ಭೂತಗನ್ನಡಿ) ಹಾಕ್ಕೊಂಡು ಒಂದು ಕೇಸ್‌ನ ಲಗ್ (ಸ್ಟ್ರಾಪ್ ಸಿಕ್ಕಿಸೋ ಕೊಂಬು) ತಿರುಗ್ಸಿ ತಿರುಗ್ಸಿ ನೋಡಿ "ಇದು ಎಷ್ಟು ವರ್ಷ ಕಟ್ಟಿರೋ ವಾಚು?" ಅಂದ್ರು. ಅದಕ್ಕೇ ಬರೀತಿದೀನಿ.

ಮೊದಲನೇ ಕೇಸ್ ಹಾಳಾಗಿದ್ದು ಎಮರಿ ಪೇಪರಿಂದ. ಸೀಕೋ ಮಾಡೆಲ್ಲಿಗೆ ಕೂರೋ 316ಎಲ್ ಸ್ಟೀಲ್ ಕೇಸು, ಎನ್‌ಎಚ್35 ಅನ್ನೋ ಸೀಕೋ ಆಟೋಮ್ಯಾಟಿಕ್ ಮೆಷಿನ್ ಹಾಕೋರು ಆನ್‌ಲೈನಲ್ಲಿ ತರಿಸ್ತಾರಲ್ಲ ಅದು, ಮೂರು ಸಾವಿರದ ಹತ್ತಿರ ಹತ್ತಿರ ಬಿದ್ದಿತ್ತು. ಅಂಚೆಲ್ಲ ಉಜ್ಜಿದೆ, ಬೆಳ್ಳಗಾಯ್ತು ನಿಜ, ಆದ್ರೆ ಗೆರೆ ಎಲ್ಲ ಒಂದೇ ಕಡೆಗೆ, ದೋಸೆ ಕಾವಲಿ ಕೆರೆದ ಹಾಗೆ. ಕೈಯಿಂದ ಮಾಡಿದ್ದು ಅಂತ ಮಾರು ದೂರದಿಂದ ಗೊತ್ತಾಗೋದು. ಎರಡನೇದನ್ನ ಬಾತ್ರೂಮ್ ಆಸಿಡಲ್ಲಿ ರಾತ್ರಿಯಿಡೀ ಮುಳುಗ್ಸಿಟ್ಟೆ, ಬೆಳಗ್ಗೆ ನೋಡಿದ್ರೆ ಕಪ್ಪು ಹಾಗೇ ಇದೆ, ಅದರಲ್ಲಿದ್ದ ಸೂಜಿಮೊನೆಯಷ್ಟು ತೂತುಗಳ ಮೂಲಕ ಆಸಿಡ್ ಇಳಿದು ಒಳಗಿನ ಸ್ಟೀಲನ್ನ ತಿಂದಿದೆ, ಗೆದ್ದಲು ಹಿಡಿದ ಮರದ ಥರ ಗುಳಿಗುಳಿ. ಆ ಕೇಸ್ ಇವತ್ತಿಗೂ ಟೇಬಲ್ ಮೇಲೇ ಇಟ್ಕೊಂಡಿದೀನಿ. ಮೂರನೇದು ಟಂಬ್ಲರ್, ಅಂದ್ರೆ ಕಲ್ಲು ತುಂಬಿ ತಿರುಗ್ಸೋ ಡ್ರಮ್, ಸಿರಾಮಿಕ್ ತ್ರಿಕೋನ ಕಲ್ಲು ತರಿಸಿ ಮೂರು ದಿನ ಓಡಿಸಿದೆ, ಕರೆಂಟ್ ಬಿಲ್ ಬಿಟ್ರೆ ಬೇರೇನೂ ಬದಲಾಗ್ಲಿಲ್ಲ. ಒಟ್ಟು ಎಂಟೊಂಬತ್ತು ಸಾವಿರ ಹೋಯ್ತು, ಮನೇಲಿ ಅರ್ಧಾನೇ ಹೇಳಿದ್ದೆ.

ದಾರಿ ಸಿಕ್ಕಿದ್ದು ಕೇಸ್ ಕೈ ಜಾರಿ ವೈಸ್ ಮೇಲೆ ಬಿದ್ದಾಗ. ಐ ಗ್ಲಾಸಲ್ಲಿ ನೋಡ್ತೀನಿ, ಲಗ್ ತುದೀಲಿ ಸಾಸಿವೆ ಕಾಳಷ್ಟು ತಗ್ಗು, ಅದರ ಸುತ್ತ ಕಪ್ಪು ಪುಡಿಪುಡಿಯಾಗಿ ಬಿರಿದು ಒಳಗಿನ ಬಿಳಿ ಕಾಣ್ತಿದೆ. ಆಗ ಹೊಳೀತು. ಈ ಕೋಟಿಂಗ್ ಒಂದರಿಂದ ಮೂರು ಮೈಕ್ರಾನ್ ಅಷ್ಟೇ, ಆದ್ರೆ ಕೆಳಗಿನ ಸ್ಟೀಲಿಗಿಂತ ಹತ್ತು ಪಟ್ಟು ಗಟ್ಟಿ. ಡ್ರಮ್ಮಲ್ಲಿ ಮೆಲ್ಲಗೆ ತೇಯೋಕೆ ಹೋದ್ರೆ ಅದೇ ಗೆಲ್ಲುತ್ತೆ. ನೀರು ಕಟ್ಟಿದ ಗದ್ದೆ ಮೇಲ್ಗಡೆ ಒಣಗಿ ಹಕ್ಕಳೆ ಕಟ್ಟಿರುತ್ತಲ್ಲ, ಕೆಳಗೆ ಕೆಸರು ಮೆತ್ತಗಿರುತ್ತೆ, ಕಾಲಿಟ್ರೆ ಹಕ್ಕಳೆ ಬಿರಿಯುತ್ತಲ್ಲ, ಇದೂ ಹಾಗೇ. ಕೆಳಗಿನ ಸ್ಟೀಲ್ ಅಮುಕಬೇಕು, ಮೇಲಿಂದು ತಾನೇ ಒಡೆಯುತ್ತೆ. ಅಂದ್ರೆ ಬೇಕಾಗಿರೋದು ಉಜ್ಜೋ ಕಲ್ಲಲ್ಲ, ಕುಟ್ಟೋ ಕಲ್ಲು.

ಸಿರಾಮಿಕ್ ಎತ್ತಿಟ್ಟು ಪಕ್ಕದ ಬೀದೀಲಿ ಮನೆ ಕಟ್ತಿದ್ದೋರ ಹತ್ರ ಕೇಳಿ ಎರಡು ಬೊಗಸೆ ಬೇಬಿ ಜಲ್ಲಿ ತಂದೆ, ದುಡ್ಡೇ ಇಲ್ಲ. ಮೂಲೆ ಚೂಪಾಗಿರೋ ಗ್ರಾನೈಟು, ಪುಡಿ ಹೋಗೋ ತನಕ ತೊಳೀಬೇಕು. ಡ್ರಮ್ ಆರಿಂಚಿನ ಪಿವಿಸಿ ಪೈಪು, ಒಳಗೆ ಸೈಕಲ್ ಟ್ಯೂಬ್ ಕತ್ತರಿಸಿ ಅಂಟ್ಸಿದ್ದು, ಗುಜರೀಲಿ ತಂದ ಗೇರ್ ಮೋಟರು, ಹೆಬ್ಬಾಳದಲ್ಲಿ ಲೇತ್ ಕೆಲಸ, ಎಲ್ಲ ಸೇರಿ 3200 ಚಿಲ್ಲರೆ. ನಿಮಿಷಕ್ಕೆ 50 ಸುತ್ತು ಸಾಕು, ಜಾಸ್ತಿ ಆದ್ರೆ ಕಲ್ಲು ಗೋಡೆಗೇ ಅಂಟ್ಕೊಂಡು ತಿರುಗುತ್ತೆ, ಬೀಳೋದೇ ಇಲ್ಲ. ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತುಂಬಿ, ನೀರು, ಒಂದು ಹನಿ ಪಾತ್ರೆ ತೊಳೆಯೋ ಲಿಕ್ವಿಡ್. ಜಲ್ಲಿ ಜೊತೆ ಇನ್ನೊಂದು ಸಾಮಾನು ಹಾಕ್ತೀನಿ, ಹಾರ್ಡ್‌ವೇರ್ ಅಂಗಡೀಲೇ ಸಿಗುತ್ತೆ, ಅದರ ಹೆಸರು ಮತ್ತೆ ಪಾಲು ನನ್ನ ಹತ್ರಾನೇ ಇರ್ಲಿ. ಅರ್ಧ ಗಂಟೆಗೊಮ್ಮೆ ತೆಗೆದು ನೋಡ್ಲೇಬೇಕು. ಸುಮಾರು ಮೂರು ಗಂಟೆಗೆ ಲಗ್ ತುದಿ, ಗ್ಲಾಸ್ ಸುತ್ತಲ ಬೆಜಲ್ ಅಂಚು, ಕೀ ಕೊಡೋ ಕ್ರೌನ್ ಪಕ್ಕದ ಮೂಲೆ ಕಪ್ಪು ಬಿಡ್ತವೆ. ನಾಲ್ಕು ದಾಟಿದ್ರೆ ಸಪಾಟಾದ ಜಾಗದಲ್ಲೂ ಚುಕ್ಕಿ ಬಂದು ಸಿಡುಬಿನ ಮುಖ ಆಗುತ್ತೆ.

ಲಗ್‌ಗಳ ನಡುವೆ ಹಳೇ ಪಿನ್ನಿಗೆ ರಬ್ಬರ್ ಟ್ಯೂಬ್ ತೂರ್ಸಿ ಕೂರ್ಸಿ. ನಿಜವಾಗ್ಲೂ ಕಟ್ಟಿ ಸವೆದ ವಾಚಲ್ಲಿ ಆ ಜಾಗ ಸ್ಟ್ರಾಪ್ ಮರೇಲಿ ಕಪ್ಪಗೇ ಉಳಿದಿರುತ್ತೆ, ಅಲ್ಲೂ ಬಿಳಿ ಬಂದ್ರೆ ನೋಡೋ ಕಣ್ಣಿಗೆ ಸುಳ್ಳು ಅಂತ ತಕ್ಷಣ ಹೊಡೆಯುತ್ತೆ. ಮೆಷಿನ್ ತೆಗೀಬೇಕು ಅಂತ ಹೇಳ್ಬೇಕಾಗಿಲ್ಲ, ಆದ್ರೆ ಖಾಲಿ ಕೇಸ್ ಹಾಗೇ ಹಾಕ್ಬೇಡಿ. ನನ್ನ ಮೊದಲನೇ ಗಿರಾಕಿ ವಾಚಿಗೆ ಮಳೇಲಿ ನೀರು ಹೋಯ್ತು, ಬಿಚ್ಚಿ ನೋಡಿದ್ರೆ ವಾಷರ್ ಕೂರೋ ಜಾಗದಲ್ಲೇ ಜಲ್ಲಿ ಗೀರಿತ್ತು. ಮೆಷಿನ್ ನನ್ನ ಕೈಯಿಂದ ಹಾಕ್ಕೊಟ್ಟೆ. ಅವತ್ತಿಂದ ಗುಜರಿ ಬ್ಯಾಕು, ಗುಜರಿ ಗ್ಲಾಸು, ಕೆಟ್ಟ ಕ್ರೌನು ಎಲ್ಲ ಬಿಗಿ ಮಾಡೇ ಒಳಗೆ ಬಿಡೋದು.

ಡ್ರಮ್ಮಿಂದ ಬಂದಾಗ ಅಂಚು ಹೊಸ ಚಮಚದ ಥರ ಹೊಳೀತಿರುತ್ತೆ, ಅದು ಹಳೇದಲ್ಲ. ಏನೇನೋ ಹಚ್ಚಿ ಸೋತೆ. ಕೊನೆಗೆ ನಮ್ಮಜ್ಜಿ ಪಾತ್ರೆ ಬೆಳಗ್ತಿದ್ದ ಬೂದಿ ನೆನಪಾಯ್ತು. ಬತ್ತದ ಹೊಟ್ಟಿನ ಬೂದೀಲಿ ಸಿಲಿಕಾ ತುಂಬ, ಮಾವನ ಮನೆ ಹತ್ರದ ರೈಸ್ ಮಿಲ್ಲಲ್ಲಿ ಬೇಕಾದಷ್ಟು ಸಿಗುತ್ತೆ. ಹಿಟ್ಟು ಜರಡೀಲಿ ಎರಡು ಸಲ ಜರಡಿ ಹಿಡಿದು, ನೀರಲ್ಲಿ ಕಲಸಿ ಬಟ್ಟೇಲಿ ಹತ್ತು ನಿಮಿಷ ಉಜ್ಜಿದ್ರೆ ಬಿಳಿ ಇಳಿದು ಹಳೇ ನಾಲ್ಕಾಣೆ ಥರ ಮಬ್ಬಾಗುತ್ತೆ. ಮಾವನೇ ಈಗ ಚೀಲ ಕಟ್ಟಿ ಕಳಿಸ್ತಾರೆ.

ಹಿತ್ತಾಳೆ ಮೇಲೆ ಕಪ್ಪು ಪ್ಲೇಟಿಂಗ್ ಇರೋ ಅಗ್ಗದ ಕೇಸೂ ಮಾಡಿ ನೋಡ್ದೆ. ಅರ್ಧ ಗಂಟೆಗೇ ಬಿಡುತ್ತೆ, ಒಳಗಿಂದ ಹಳದಿ ಬರುತ್ತೆ, ಹುಣಸೆಹಣ್ಣು ಒಂದು ಸಲ ತಾಗ್ಸಿದ್ರೆ ಹಳೇ ಕ್ಯಾಮೆರಾ ಅಂಚಿನ ಥರ ಚೆಂದ, ಆದ್ರೆ ಬೆವರಿಗೆ ಹಸಿರು ಹಿಡಿಯುತ್ತೆ, ಗಿರಾಕಿಗೆ ಕೊಡಲ್ಲ. ಪೋರ್ಶೆ ಡಿಸೈನ್‌ನ 1972ರ ಕಪ್ಪು ಕ್ರೋನೋಗ್ರಾಫು ಅಂಚು ಸವೆದು ಬೆಳ್ಳಗಾಗಿರೋ ಫೋಟೋ ನೋಡಿನೇ ನನಗೆ ಈ ಹುಚ್ಚು ಹಿಡಿದಿದ್ದು. ಅಂಥದ್ದು ಸವೆಯೋಕೆ ಒಬ್ಬನ ಕೈಮೇಲೆ ವರ್ಷಗಟ್ಟಲೆ ಬದುಕಿರಬೇಕು, ಅದಕ್ಕೇ ನಾನು ಮಾಡಿದ ಪ್ರತಿ ಕೇಸ್ ಬ್ಯಾಕಿನ ಒಳಗೆ ತಾರೀಕು ಗೀರ್ತೀನಿ, ನಾಳೆ ಯಾರೂ ಇದನ್ನ ಹಳೇ ಮಾಲು ಅಂತ ಮಾರಬಾರದು.

ಈಗ ಟೈಟಾನಿಯಂ ಕೇಸ್ ಒಂದು ಬಂದಿದೆ. ಒಳಗಿನ ಲೋಹಾನೇ ಬೂದು ಬಣ್ಣ, ಬೂದಿ ಉಜ್ಜೋ ಕೆಲಸಾನೇ ಬೇಡ ಆಗ್ಬಹುದು. ಮೊದಲ ಸುತ್ತು ಕಾಲು ಗಂಟೆಗೇ ನಿಲ್ಲಿಸಿ ನೋಡ್ತೀನಿ.