ಅತ್ತೆಗೆ ಬೇರೆ ಅಡುಗೆ ಮಾಡುವುದನ್ನು ಬಿಟ್ಟೆವು

ನಮ್ಮ ಮನೆಯಲ್ಲಿ ಹನ್ನೊಂದು ವರ್ಷ ಅತ್ತೆಗೆ ಬೇರೆ ಅಡುಗೆ ಆಗುತ್ತಿತ್ತು. ಅವರಿಗೆ ಸಕ್ಕರೆ ಕಾಯಿಲೆ. ನಾವು ಮೂವರು ಅನ್ನ, ಸಾರು, ಹಪ್ಪಳ ಬಡಿಸಿಕೊಂಡು ಟಿವಿ ಮುಂದೆ ಕೂತರೆ, ಅವರು ಅಡುಗೆಮನೆಯ ಮಣೆಯ ಮೇಲೆ ಕೂತು ಎರಡು ಒಣ ಚಪಾತಿ, ಬೇಯಿಸಿದ ಹಾಗಲಕಾಯಿ ಬೇಗ ಬೇಗ ತಿಂದು ಏಳುತ್ತಿದ್ದರು. ಅದು ನಾನು ತೋರಿಸುತ್ತಿದ್ದ ಕಾಳಜಿ ಎಂದೇ ನಂಬಿದ್ದೆ.

ಹೋದ ವರ್ಷ ಯುಗಾದಿ ಕಳೆದು ಹದಿನೈದು ದಿನಕ್ಕೆ ನಮ್ಮ ಯಜಮಾನರ ರಕ್ತಪರೀಕ್ಷೆಯ ವರದಿ ಬಂತು. ಎಚ್‌ಬಿಎ1ಸಿ 7.4. ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ಹೇಳುವ ಪರೀಕ್ಷೆ ಅದು, 5.7ರ ಒಳಗಿರಬೇಕು, 6.5 ಮುಟ್ಟಿದರೆ ಮಧುಮೇಹ. ಆ ರಾತ್ರಿ ಯೋಚನೆಯೇ ಇಲ್ಲದೆ ಇನ್ನೆರಡು ಒಣ ಚಪಾತಿ ಹೆಚ್ಚಿಗೆ ಲಟ್ಟಿಸಿದೆ. ಅತ್ತೆ ನೋಡುತ್ತಿದ್ದರು. "ಅವನಿಗೂ ಇಲ್ಲೇ ಮಣೆ ಹಾಕುತ್ತೀಯೇನಮ್ಮ?" ಎಂದರು. ಕೋಪದಿಂದ ಕೇಳಿದ ಮಾತಲ್ಲ. ಆದರೆ ಲಟ್ಟಣಿಗೆ ಹಿಡಿದ ನನ್ನ ಕೈ ನಿಂತುಹೋಯಿತು. ಆಚೆ ಹದಿನಾಲ್ಕು ವರ್ಷದ ಮಗ, 71 ಕಿಲೋ ತೂಗುವವನು, ಚಿಪ್ಸ್ ಪೊಟ್ಟಣ ಹಿಡಿದು ಕೂತಿದ್ದ. ಇನ್ನೆಷ್ಟು ಮಣೆ ಹಾಕುವುದು? ಪಂಕ್ತಿಯಿಂದ ಒಬ್ಬೊಬ್ಬರನ್ನೇ ಎಬ್ಬಿಸುವ ಬದಲು ಪಂಕ್ತಿಯ ಅಡುಗೆಯನ್ನೇ ಬದಲಿಸಬೇಕು ಎಂದು ಅವತ್ತು ನಿರ್ಧರಿಸಿದೆ.

ಮೊದಲು ಕೈಗೆತ್ತಿಕೊಂಡದ್ದು ದಿನಸಿ ಚೀಟಿ. ನಾನು ಗಣಿತದ ಶಿಕ್ಷಕಿ. ಲೆಕ್ಕ ಹಾಕಿದರೆ ಮಾತ್ರ ನನಗೆ ವಿಷಯ ಕಣ್ಣಿಗೆ ಕಾಣುತ್ತದೆ. ನಾಲ್ಕು ಜನಕ್ಕೆ ತಿಂಗಳಿಗೆ ಐದು ಲೀಟರ್ ಎಣ್ಣೆ, ಐದು ಕಿಲೋ ಸಕ್ಕರೆ, ಒಂದು ಕಿಲೋ ಉಪ್ಪು ಎಂದು ನನ್ನ ಕೈಬರಹದಲ್ಲೇ ಇತ್ತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ಒಬ್ಬರಿಗೆ ದಿನಕ್ಕೆ ಉಪ್ಪು 5 ಗ್ರಾಂ ಮೀರಬಾರದು. ಆ ಲೆಕ್ಕಕ್ಕೆ ನಮಗೆ ತಿಂಗಳಿಗೆ 600 ಗ್ರಾಂ ಸಾಕು, ಅದೂ ಉಪ್ಪಿನಕಾಯಿ ಹಪ್ಪಳದ ಉಪ್ಪನ್ನೂ ಸೇರಿಸಿ. ಎಣ್ಣೆ, ಹೆಚ್ಚು ಮೈಬಗ್ಗಿಸಿ ದುಡಿಯದವರಿಗೆ ದಿನಕ್ಕೆ 20ರಿಂದ 25 ಗ್ರಾಂ. ಎಂದರೆ ಮನೆಗೆಲ್ಲ ಮೂರು ಲೀಟರ್ ಧಾರಾಳ. ಒಂದನೇ ತಾರೀಕು ಮೂರು ಲೀಟರ್ ಎಣ್ಣೆಯನ್ನು ಒಂದೇ ಡಬ್ಬಕ್ಕೆ ಸುರಿದು, ಹೊರಗಿನಿಂದ ವಾರಕ್ಕೊಂದರಂತೆ ಕಪ್ಪು ಗೆರೆ ಎಳೆದೆ. ಮೊದಲ ವಾರ ಗುರುವಾರಕ್ಕೇ ಎಣ್ಣೆ ಗೆರೆಗೆ ಇಳಿದಿತ್ತು. ಭಾನುವಾರ ಬೋಂಡ ಬೇಕೆಂದ ಮಗನನ್ನು ಡಬ್ಬದ ಮುಂದೆ ನಿಲ್ಲಿಸಿದೆ. ನಾನು ಬೇಡ ಎಂದಿದ್ದರೆ ಅವನು ವಾದ ಮಾಡುತ್ತಿದ್ದ. ಗೆರೆಯ ಜೊತೆ ವಾದ ಮಾಡಲಿಲ್ಲ.

ಎಲ್ಲವೂ ಹೀಗೆ ಸಲೀಸಾಗಿ ನಡೆಯಲಿಲ್ಲ. ಉತ್ಸಾಹದಲ್ಲಿ ನವಣೆ, ಸಾಮೆ, ಹಾರಕ, ಊದಲು, ಕೊರಲೆ ಐದನ್ನೂ ಒಟ್ಟಿಗೆ ತಂದು, ನೆನೆಸದೆ ಬೇಯಿಸಿ ಎಲ್ಲರ ಹೊಟ್ಟೆ ಕೆಡಿಸಿದೆ. ಈಗ ರಾತ್ರಿಯೇ ನೆನೆಸುತ್ತೇನೆ, ವಾರಕ್ಕೆ ಎರಡು ಸಲ ಸಾಮೆ ಇಲ್ಲವೇ ನವಣೆ, ಅಷ್ಟೇ. ಇನ್ನು ರಾಗಿ. ನಾವು ತುಮಕೂರಿನವರು, ರಾಗಿ ಎಂದರೆ ಎರಡು ಮಾತಿಲ್ಲ. ಬೆಳಗ್ಗೆ ಬೆಲ್ಲ ಹಾಕಿದ ರಾಗಿ ಗಂಜಿ ಶುರುಮಾಡಿದೆವು. ಎರಡು ಗಂಟೆ ಬಿಟ್ಟು ಬೆರಳು ಚುಚ್ಚಿ ನೋಡಿದರೆ ಯಜಮಾನರ ಸಕ್ಕರೆ 238ಕ್ಕೆ ಏರಿತ್ತು! ನುಣ್ಣಗೆ ಬೀಸಿ ತೆಳ್ಳಗೆ ಕುದಿಸಿದ ಹಿಟ್ಟು ಬೇಗ ಜೀರ್ಣವಾಗಿ ರಕ್ತಕ್ಕೆ ಸೇರುತ್ತದೆ, ಬೆಲ್ಲವೂ ಸಕ್ಕರೆಯೇ ಎಂದು ವೈದ್ಯರು ಬಿಡಿಸಿ ಹೇಳಿದರು. ಗಂಜಿ ನಿಂತಿತು. ಈಗ ನಿಂಬೆಹಣ್ಣಿಗಿಂತ ತುಸು ದೊಡ್ಡ ಮುದ್ದೆ, ಅದರ ಮೂರರಷ್ಟು ಸೊಪ್ಪು, ಕಾಳು: ದಂಟು, ಕೀರೆ, ನುಗ್ಗೆಸೊಪ್ಪಿನ ಬಸ್ಸಾರು, ಹುರುಳಿಕಾಳಿನ ಪಲ್ಯ, ಹೆಸರುಬೇಳೆ ಕೋಸಂಬರಿ. ಯಾವುದೂ ಹೊಸ ಅಡುಗೆಯಲ್ಲ. ನನ್ನ ತಾಯಿ ದಿನವೂ ಮಾಡುತ್ತಿದ್ದದ್ದು, ನಾನು ಸಮಯವಿಲ್ಲವೆಂದು ಬಿಟ್ಟದ್ದು.

ಒಂದು ಸಂಗತಿಯನ್ನು ಮಾತ್ರ ತಪ್ಪದೆ ಹೇಳಬೇಕು. ಮೂರನೇ ವಾರದ ಒಂದು ಸಂಜೆ ಐದು ಗಂಟೆಗೆ ಶಾಲೆಯಿಂದ ಬಂದಾಗ ಅತ್ತೆ ಹಜಾರದಲ್ಲಿ ಬೆವರಿ ಕೂತಿದ್ದರು. ಕೈ ನಡುಗುತ್ತಿತ್ತು, ಸೀರೆಯ ಸೆರಗು ಒದ್ದೆಯಾಗಿತ್ತು, ಮಾತು ತೊದಲುತ್ತಿತ್ತು. ಸಕ್ಕರೆ ತೀರಾ ಇಳಿದು 62. ಮೂರು ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಿಗೆ ಕದಡಿ ಕುಡಿಸಿದೆ. ಕಾಲು ಗಂಟೆಯ ಮೇಲೆ ನೋಡಿದಾಗ 94. ಅನ್ನ, ಚಪಾತಿ ಕಡಿಮೆಯಾಗಿದ್ದವು, ಆದರೆ ಮಾತ್ರೆ ಹಳೆಯ ಲೆಕ್ಕದಲ್ಲೇ ನಡೆಯುತ್ತಿತ್ತು. ಊಟ ಬದಲಿಸುವ ಮೊದಲೇ ವೈದ್ಯರಿಗೆ ಹೇಳಬೇಕಿತ್ತು, ಹೇಳಿರಲಿಲ್ಲ. ಮರುದಿನ ಅವರು ಮಾತ್ರೆಯ ಪ್ರಮಾಣ ಇಳಿಸಿದರು. ಸಕ್ಕರೆ ಇಳಿಸುವ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿರುವ ಮನೆಯಲ್ಲಿ ಊಟಕ್ಕೆ ಕೈಹಾಕುವ ಮುನ್ನ ದಯವಿಟ್ಟು ವೈದ್ಯರನ್ನು ಕೇಳಿ. ಆ ಕಾಲು ಗಂಟೆಯನ್ನು ನೆನೆದರೆ ನನಗೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ.

ಊಟ ರಾತ್ರಿ ಒಂಬತ್ತೂಮುಕ್ಕಾಲರಿಂದ ಏಳೂವರೆಗೆ ಬಂದಿದೆ, ಟಿವಿ ಆರಿಸಿ. ಊಟವಾದ ಮೇಲೆ ನಾಲ್ವರೂ ಬೀದಿಯ ಕೊನೆಯವರೆಗೆ ಹೋಗಿ ಬರುತ್ತೇವೆ, ಹದಿನೈದು ನಿಮಿಷ. ಉಂಡ ಮೇಲೆ ನಡೆದರೆ ಸಕ್ಕರೆ ಏರುವುದು ತಗ್ಗುತ್ತದೆ ಎಂದು ಓದಿದ್ದೆ. ಸಕ್ಕರೆ ನೋಡುವ ನಮ್ಮ ಪುಟ್ಟ ಯಂತ್ರವೂ ಅದನ್ನೇ ತೋರಿಸಿತು. ಭಾನುವಾರ ಹತ್ತಿರದ ದೇವರಾಯನದುರ್ಗದ ಬೆಟ್ಟ. ಮೊದಲ ಸಲ ಯಜಮಾನರು ಯೋಗನರಸಿಂಹನ ಗುಡಿಯ ಮೆಟ್ಟಿಲುಗಳಲ್ಲಿ ನಾಲ್ಕು ಕಡೆ ಕೂತರು. ಕಾರ್ತಿಕದ ಹೊತ್ತಿಗೆ ಮಗನ ಜೊತೆ ಮಾತಾಡುತ್ತಲೇ ಹತ್ತಿದರು.

ಆರು ತಿಂಗಳಿಗೆ ಯಜಮಾನರ ಎಚ್‌ಬಿಎ1ಸಿ 6.4ಕ್ಕೆ ಇಳಿಯಿತು. ಮಾತ್ರೆ ನಿಂತಿಲ್ಲ, ನಿಲ್ಲಿಸುವ ಆತುರವೂ ನಮಗಿಲ್ಲ. ಮಗ ನಾಲ್ಕು ಕಿಲೋ ಇಳಿದಿದ್ದಾನೆ, ಟ್ಯೂಷನ್ ಪಕ್ಕದ ಬೇಕರಿ ಇನ್ನೂ ಅವನನ್ನು ಕರೆಯುತ್ತದೆ. ಹಬ್ಬದ ದಿನ ಹೋಳಿಗೆ ಮಾಡುತ್ತೇವೆ, ಒಬ್ಬರಿಗೆ ಒಂದು; ಮರುದಿನಕ್ಕೆ ಉಳಿಸುವುದಿಲ್ಲ.

ಅತ್ತೆ ಈಗ ನಮ್ಮೊಡನೆ ಕೂರುತ್ತಾರೆ. ಬಸ್ಸಾರಿಗೆ ಖಾರ ರುಬ್ಬುವ ಕೆಲಸವನ್ನು ನನ್ನಿಂದ ಕಸಿದುಕೊಂಡಿದ್ದಾರೆ. ಮೊದಲ ತುತ್ತಿಗೇ ಯಾರಾದರೂ ಉಪ್ಪು ಸಾಲದು ಎಂದರೆ, ಹೆಚ್ಚಿಟ್ಟ ನಿಂಬೆಹೋಳಿನ ತಟ್ಟೆಯನ್ನು ಅವರ ಮುಂದಕ್ಕೆ ಸರಿಸುತ್ತಾರೆ.