ನಾಲ್ಕರಲ್ಲಿ ಮಾತ್ರ ಗಾಳಿ: ಕಾರಿನ ಬ್ಲೋವರ್ ದೋಷ ಹುಡುಕಿದ ಬಗೆ

ಗಾಳಿಯ ವೇಗದ ನಾಬ್ 1, 2, 3ರಲ್ಲಿ ಗಾಳಿ ಇಲ್ಲ, 4ರಲ್ಲಿ ಮಾತ್ರ ಇದೆ ಎಂದರೆ ಬ್ಲೋವರಿನ (ಕಾರಿನೊಳಗೆ ಗಾಳಿ ದೂಡುವ ಫ್ಯಾನಿನ) ರೆಸಿಸ್ಟರ್, ಅಂದರೆ ಕರೆಂಟ್ ತಡೆದು ವೇಗ ಇಳಿಸುವ ಭಾಗ, ಹೋಗಿದೆ. ಕಾಸರಗೋಡಿನಿಂದ ಮಂಗಳೂರಿನ ತನಕ ಯಾವ ವರ್ಕ್‌ಶಾಪಿನಲ್ಲಿ ಕೇಳಿದರೂ ಇದೇ ಉತ್ತರ ಸಿಗುತ್ತದೆ, ಉತ್ತರ ತಪ್ಪೂ ಅಲ್ಲ. ಆದರೆ ಅದು ಏಕೆ ಹೋಯಿತೆಂದು ನೋಡದೆ ಹೊಸದನ್ನು ಹಾಕಿದರೆ ಅದೂ ಹೋಗುತ್ತದೆ. ಇಲ್ಲಿ ಬರೆಯುತ್ತಿರುವುದು 9 ವರ್ಷ ಹಳೆಯ ಒಂದು ಸಣ್ಣ ಪೆಟ್ರೋಲ್ ಕಾರಿನ ಕೆಲಸ. ಅದಕ್ಕೆ ಎರಡು ವರ್ಷದೊಳಗೆ ಎರಡು ರೆಸಿಸ್ಟರ್ ಹಾಕಿ ಆಗಿತ್ತು. ಮೂರನೆಯ ಸಲ ಇನ್ನೆರಡು ಲಕ್ಷಣ ಸೇರಿಕೊಂಡಿದ್ದವು: ಅರ್ಧ ಗಂಟೆ ಓಡಿದ ಮೇಲೆ 4ರಲ್ಲಿಯೂ ಗಾಳಿ ಕುಗ್ಗುವುದು, ನಾಬಿನ ಹತ್ತಿರ ಪ್ಲಾಸ್ಟಿಕ್ ಕಾದ ವಾಸನೆ.

ಗಾಳಿ ಕುಗ್ಗುವುದಕ್ಕೆ ಎರಡು ಬೇರೆ ಬೇರೆ ಕಾರಣಗಳಿರಬಹುದು. ಕೂಲಿಂಗ್ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟಿದರೂ ಅರ್ಧ ಗಂಟೆಯಲ್ಲಿ ಗಾಳಿ ನಿಲ್ಲುತ್ತದೆ. ಆಗ ಮೋಟರಿನ ಸದ್ದು ಕಡಿಮೆಯಾಗುವುದಿಲ್ಲ, ಸ್ವಲ್ಪ ಏರಲೂಬಹುದು; ಎ.ಸಿ. ಬಟನ್ ಆಫ್ ಮಾಡಿ ಹತ್ತು ನಿಮಿಷ ಬರೀ ಬ್ಲೋವರ್ ಓಡಿಸಿದರೆ ಗಾಳಿ ಮರಳಿ ಬರುತ್ತದೆ. ಗಾಳಿಯ ಜೊತೆಗೆ ಸದ್ದೂ ಇಳಿದರೆ ಮೋಟರಿಗೆ ವೋಲ್ಟೇಜ್ ಸಾಲುತ್ತಿಲ್ಲ ಎಂದರ್ಥ. ಈ ಕಾರಿನಲ್ಲಿ ಸದ್ದು ಇಳಿಯುತ್ತಿತ್ತು, ಹೊಂಡಕ್ಕೆ ಇಳಿದು ಎದ್ದರೆ ಮತ್ತೆ ಏರುತ್ತಿತ್ತು. ಎಲ್ಲೋ ಒಂದು ಜೋಡಣೆ ಸಡಿಲವಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸೂಚನೆ ಬೇಡ.

ವಿದ್ಯುತ್ತಿನ ದಾರಿ ಗೊತ್ತಿಲ್ಲದೆ ಮೀಟರ್ ಹಿಡಿದರೆ ದಾರಿ ತಪ್ಪುತ್ತದೆ. ನಮ್ಮಲ್ಲಿ ಓಡುವ ಎಷ್ಟೋ ಸಣ್ಣ ಕಾರುಗಳಲ್ಲಿ ಬ್ಯಾಟರಿಯ ಪ್ಲಸ್ಸಿನ ಕರೆಂಟ್ ಫ್ಯೂಸ್ ಮತ್ತು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡದನ್ನು ಹಾಯಿಸುವ ಸ್ವಿಚ್) ದಾಟಿ ನೇರವಾಗಿ ಮೋಟರಿಗೆ ಹೋಗುತ್ತದೆ. ಮೋಟರಿನಿಂದ ಹೊರಟದ್ದು ರೆಸಿಸ್ಟರ್, ಅಲ್ಲಿಂದ ನಾಬಿನ ಸ್ವಿಚ್, ಕೊನೆಗೆ ಬಾಡಿ ಅರ್ತ್. 4ರಲ್ಲಿ ರೆಸಿಸ್ಟರನ್ನು ಬಿಟ್ಟು ಒಂದು ದಪ್ಪ ವಯರ್ ಸೀದಾ ಸ್ವಿಚ್ಚಿಗೆ ಬರುತ್ತದೆ. ಅಂದರೆ ಇಗ್ನಿಶನ್ ಆನ್ ಇದ್ದು ನಾಬ್ ಸೊನ್ನೆಯಲ್ಲಿದ್ದಾಗ ಮೋಟರಿನ ಎರಡೂ ಕಾಲಿನಲ್ಲಿ (ವಯರ್ ಸಿಕ್ಕಿಸುವ ಟರ್ಮಿನಲ್‌ಗಳಲ್ಲಿ) 12 ವೋಲ್ಟ್ ತೋರಿಸುತ್ತದೆ. ಟೆಸ್ಟ್ ಲ್ಯಾಂಪ್ ಎರಡು ಕಡೆಯೂ ಉರಿಯಿತೆಂದು ವಯರಿಂಗ್ ತಪ್ಪಾಗಿದೆ ಎಂದುಕೊಂಡವರು, ಮೋಟರ್ ಸುಟ್ಟಿದೆ ಎಂದು ಬದಲಿಸಿದವರು ಇದ್ದಾರೆ. ಅದು ದೋಷವಲ್ಲ, ಸರ್ಕ್ಯೂಟ್ ಇರುವುದೇ ಹಾಗೆ.

ಬೇಕಾದದ್ದು ಮಲ್ಟಿಮೀಟರ್, ಡಿ.ಸಿ. (ಬ್ಯಾಟರಿಯ ಕರೆಂಟ್) ಅಳೆಯುವ ಕ್ಲ್ಯಾಂಪ್ ಮೀಟರ್, ಕಪ್ಲರಿನ (ವಯರುಗಳನ್ನು ಜೋಡಿಸುವ ಪ್ಲಾಸ್ಟಿಕ್ ಪ್ಲಗ್ಗಿನ) ಹಿಂಬದಿಯಿಂದ ತೂರಿಸಲು ಎರಡು ಗುಂಡುಸೂಜಿ, 21 ವ್ಯಾಟಿನ ಬ್ರೇಕ್ ಬಲ್ಬಿಗೆ ಎರಡು ವಯರ್ ಬೆಸೆದ ಟೆಸ್ಟ್ ಲ್ಯಾಂಪ್. ಎಲ್‌ಇಡಿ ಟೆಸ್ಟರ್ ಇಲ್ಲಿ ಉಪಯೋಗವಿಲ್ಲ. ವಯರಿನ ಒಂದೇ ಎಳೆ ಉಳಿದಿದ್ದರೂ ಅದು ಉರಿಯುತ್ತದೆ. ಮನೆಯ ಲೈನಿನಂಥ ಎ.ಸಿ. ಕರೆಂಟ್ ಮಾತ್ರ ಅಳೆಯುವ ಕ್ಲ್ಯಾಂಪ್ ಸೊನ್ನೆಯನ್ನೇ ತೋರಿಸುತ್ತದೆ. ಮಲ್ಟಿಮೀಟರಿನ 10 ಆಂಪಿಯರ್ ತೂತಿನ ಮೂಲಕ ಬ್ಲೋವರ್ ಓಡಿಸಬೇಡಿ, ಒಳಗಿನ ಫ್ಯೂಸ್ ಹೋಗುತ್ತದೆ. ಡ್ಯಾಶ್‌ಬೋರ್ಡಿನ ಅಡಿಯ ಹಳದಿ ಕಪ್ಲರುಗಳು ಏರ್‌ಬ್ಯಾಗಿನವು, ಅವುಗಳಿಗೆ ಸೂಜಿ ತಾಗಿಸಲೇಬಾರದು.

ಎಂಜಿನ್ ಐಡಲ್, ಎಲ್ಲ ಗಾಜು ಮುಚ್ಚಿ, ನಾಬ್ 4ರಲ್ಲಿ. ಬ್ಯಾಟರಿಯ ಮೇಲೆ 14.0 ವೋಲ್ಟ್ ಇತ್ತು, ಮೋಟರಿನ ಎರಡು ಕಾಲುಗಳ ನಡುವೆ 11.6 ಮಾತ್ರ. ಉಳಿದ 2.4 ವೋಲ್ಟ್ ದಾರಿಯಲ್ಲೇ ಸೋರುತ್ತಿತ್ತು. ಎಲ್ಲಿ ಎಂದು ಹುಡುಕಲು ದಾರಿಯನ್ನು ಎರಡು ಭಾಗ ಮಾಡಿದೆ. ಬ್ಯಾಟರಿಯ ಪ್ಲಸ್ಸಿನಿಂದ ಮೋಟರಿನ ಪ್ಲಸ್ ಕಾಲಿಗೆ 0.5 ವೋಲ್ಟ್, ಫ್ಯೂಸು, ರಿಲೇ ಎಲ್ಲ ಸೇರಿ ಇಷ್ಟಿದ್ದರೆ ತೊಂದರೆಯಿಲ್ಲ. ಮೋಟರಿನ ಇನ್ನೊಂದು ಕಾಲಿನಿಂದ ಬ್ಯಾಟರಿಯ ಮೈನಸ್ಸಿಗೆ 1.9 ವೋಲ್ಟ್. ರೋಗ ಅರ್ತ್ ಬದಿಯಲ್ಲಿತ್ತು. ಆ ಬದಿಯಲ್ಲಿ ಒಂದೊಂದೇ ತುಂಡನ್ನು ಅಳೆದಾಗ ಬಾಡಿ ಬೋಲ್ಟ್ 0.1, ಸ್ವಿಚ್ಚಿನ ಒಳಗೆ 0.3, ಸ್ವಿಚ್ಚಿನ ಹಿಂದಿನ ಕಪ್ಲರಿನಲ್ಲಿ ಒಂದೇ ಪಿನ್ನಿನ ಮೇಲೆ 1.5 ವೋಲ್ಟ್.

ಈ ಅಳತೆ ಬ್ಲೋವರ್ ಓಡುತ್ತಿರುವಾಗಲೇ ಆಗಬೇಕು. ನಿಲ್ಲಿಸಿ, ಕಪ್ಲರ್ ಬಿಚ್ಚಿ ಓಮ್ ಅಳೆದರೆ 0.1, 0.2 ತೋರಿಸುತ್ತದೆ, ಅದು ಮೀಟರಿನ ವಯರಿನದ್ದೇ ರೆಸಿಸ್ಟೆನ್ಸ್. ಕ್ಲ್ಯಾಂಪ್ ಆಗ 17 ಆಂಪಿಯರ್ ತೋರಿಸುತ್ತಿತ್ತು. 1.5 ವೋಲ್ಟ್ ಗುಣಿಸು 17 ಎಂದರೆ ಸುಮಾರು 25 ವ್ಯಾಟ್, ಒಂದು ಸಣ್ಣ ಸೋಲ್ಡರಿಂಗ್ ಕಬ್ಬಿಣದಷ್ಟು ಬಿಸಿ ಆ ಒಂದು ಪಿನ್ನಿನಲ್ಲಿ. ವಾಸನೆ ಬರುತ್ತಿದ್ದದ್ದು ಅಲ್ಲಿಂದ. ಬಿಚ್ಚಿ ನೋಡಿದಾಗ ಬಿಳಿ ಪ್ಲಾಸ್ಟಿಕ್ ಕಂದಾಗಿ, 4ರ ದಪ್ಪ ವಯರಿನ ಪಿನ್ ಹಿಂದಕ್ಕೆ ಸರಿದಿತ್ತು. ವಯರಿನ ತಾಮ್ರ ಎರಡು ಅಂಗುಲದಷ್ಟು ಒಳಗಿನ ತನಕ ಹಸಿರು ಕಿಲುಬು ಹಿಡಿದಿತ್ತು. ಕಡಲತೀರದ ಉಪ್ಪುಗಾಳಿ, ಜೂನ್‌ನಿಂದ ಸೆಪ್ಟೆಂಬರ್ ತನಕ ಆರದ ತೇವ; ಮಂಜೇಶ್ವರ, ಕುಂಬಳೆ ಬದಿಯ ಕಾರುಗಳಲ್ಲಿ ಇದನ್ನು ಬಹಳ ನೋಡಿದ್ದೇನೆ.

ಕಪ್ಲರ್ ಸುಟ್ಟದ್ದು ಸಿಕ್ಕಿತೆಂದು ನಿಲ್ಲಿಸಿದ್ದರೆ ಕೆಲಸ ಕೆಟ್ಟಂತೆಯೇ. 17 ಆಂಪಿಯರ್ ಎಂಬ ಸಂಖ್ಯೆಯೇ ಸರಿಯಿಲ್ಲ. ಇದೇ ಮಾದರಿಯ ಒಳ್ಳೆಯ ಮೋಟರ್ 13 ವೋಲ್ಟ್ ಸಿಕ್ಕಾಗ 15 ಆಂಪಿಯರ್ ಎಳೆಯುತ್ತದೆ. ಇದು 11.6 ವೋಲ್ಟಿನಲ್ಲೇ 17 ಎಳೆಯುತ್ತಿತ್ತು. ಕಡಿಮೆ ವೋಲ್ಟಿನಲ್ಲಿ ಹೆಚ್ಚು ಕರೆಂಟ್ ಎಂದರೆ ಮೋಟರ್ ಕಷ್ಟಪಟ್ಟು ತಿರುಗುತ್ತಿದೆ.

ಇಲ್ಲಿ ಹಲವರು ಎಡವುವ ಒಂದು ವಿಷಯವಿದೆ. ಕ್ಯಾಬಿನ್ ಫಿಲ್ಟರ್ ಕಟ್ಟಿಕೊಂಡರೆ ಮೋಟರಿಗೆ ಭಾರ ಹೆಚ್ಚಾಗಿ ಕರೆಂಟ್ ಏರುತ್ತದೆ ಎಂದು ಹೇಳುವುದುಂಟು. ಆಗುವುದು ಅದಕ್ಕೆ ವಿರುದ್ಧ. ಈ ಫ್ಯಾನು ಅಳಿಲುಗೂಡಿನ ಚಕ್ರದಂತಿರುವ ಜಾತಿಯದ್ದು. ಗಾಳಿ ಸಾಗದಿದ್ದರೆ ಅದಕ್ಕೆ ಕೆಲಸ ಕಡಿಮೆ, ವೇಗ ಏರುತ್ತದೆ, ಸದ್ದು ತೆಳ್ಳಗಾಗುತ್ತದೆ, ಕರೆಂಟ್ ಇಳಿಯುತ್ತದೆ. ಹಾಗಾಗಿ ಗಾಳಿ ಕಡಿಮೆ, ಕರೆಂಟೂ ಕಡಿಮೆ, ಆದರೆ ಮೋಟರಿನಲ್ಲಿ ಪೂರ್ಣ ವೋಲ್ಟ್ ಇದೆ ಎಂದಾದರೆ ಫಿಲ್ಟರನ್ನೂ ಕಾಯಿಲನ್ನೂ ನೋಡಬೇಕು. ಗಾಳಿ ಕಡಿಮೆ, ಕರೆಂಟ್ ಹೆಚ್ಚು ಎಂದಾದರೆ ಬುಶ್ (ಶಾಫ್ಟ್ ತಿರುಗುವ ಬೇರಿಂಗ್), ಕಾರ್ಬನ್ (ಮೋಟರಿನೊಳಗೆ ಕರೆಂಟ್ ದಾಟಿಸುವ ಬ್ರಶ್) ಅಥವಾ ಫ್ಯಾನಿಗೆ ಸಿಕ್ಕಿಕೊಂಡ ಕಸ. ಕ್ಲ್ಯಾಂಪ್ ಮೀಟರಿನ ಒಂದು ಅಂಕಿ ಎರಡನ್ನೂ ಬೇರ್ಪಡಿಸಿ ಕೊಡುತ್ತದೆ. ಫಿಲ್ಟರ್ ಕಟ್ಟಿದ್ದು ಕೇಡು ಮಾಡುವುದು ಬೇರೆ ದಾರಿಯಲ್ಲಿ: ರೆಸಿಸ್ಟರ್ ಇರುವುದು ಫ್ಯಾನಿನ ಗಾಳಿಯ ದಾರಿಯಲ್ಲೇ, ಆ ಗಾಳಿಯಿಂದಲೇ ಅದು ತಣಿಯಬೇಕು. ಮುರಕಲ್ಲಿನ ಕೆಂಪು ಧೂಳು ತುಂಬಿದ ಫಿಲ್ಟರ್ ಅದನ್ನು ತಣಿಯಲು ಬಿಡುವುದಿಲ್ಲ.

ಗ್ಲೋವ್ ಬಾಕ್ಸ್ ತೆಗೆದು ಕೆಳಗಿನಿಂದ ಮೂರು ಸ್ಕ್ರೂ ಬಿಚ್ಚಿದರೆ ಮೋಟರ್ ಕೈಗೆ ಬರುತ್ತದೆ. ಬೆರಳಿನಿಂದ ತಿರುಗಿಸಿ ಬಿಟ್ಟಾಗ ಒಳ್ಳೆಯ ಮೋಟರ್ ನಾಲ್ಕೈದು ಸುತ್ತು ಹೋಗಿ ನಿಲ್ಲುತ್ತದೆ. ಇದು ಒಂದೇ ಸುತ್ತಿಗೆ ನಿಂತಿತು. ಕೆಳಗಿನ ಬುಶ್ ತುಕ್ಕು ಹಿಡಿದಿತ್ತು, ಬ್ಲೋವರ್ ಕೂರುವ ಡಬ್ಬಿಯ ತಳದಲ್ಲಿ ನೀರು ನಿಂತ ಗುರುತು, ಜೊತೆಗೆ ಒಂದು ಹಿಡಿ ಗಾಳಿಮರದ ಸೂಜಿ ಎಲೆ. ವೈಪರ್ ಅಡಿಯ ಜಾಲರಿಯಿಂದ ಇಳಿದ ಎಲೆ ನೀರು ಹೋಗುವ ತೂತನ್ನು ಮುಚ್ಚಿದೆ, ಮಳೆನೀರು ಅಲ್ಲಿ ತುಂಬಿ ಬ್ಲೋವರಿನ ಬಾಯಿಗೆ ಉಕ್ಕಿದೆ.

ಈಗ ಸರಪಳಿ ಪೂರ್ತಿಯಾಯಿತು. ನೀರಿನಿಂದ ಬುಶ್ ಬಿಗಿಯಾಯಿತು, ಬಿಗಿಯಾದ ಮೋಟರ್ ರೆಸಿಸ್ಟರನ್ನು ಕಾಯಿಸಿತು, ರೆಸಿಸ್ಟರಿನ ಥರ್ಮಲ್ ಫ್ಯೂಸ್ (ಬಿಸಿ ಮಿತಿ ಮೀರಿದರೆ ಕಡಿಯುವ ಫ್ಯೂಸ್) ಕಡಿಯಿತು, 1, 2, 3 ಇಲ್ಲದ್ದರಿಂದ ತಿಂಗಳುಗಟ್ಟಲೆ 4ರಲ್ಲೇ ಓಡಿಸಿದರು, ಆಗ 4ರ ಪಿನ್ ಸುಟ್ಟಿತು.

ರೆಸಿಸ್ಟರಿನ ಸುರುಳಿಗಳು ಮೂರೂ ಸರಿಯಿದ್ದವು: 1ಕ್ಕೆ ಒಟ್ಟು 2.4 ಓಮ್, 2ಕ್ಕೆ 1.1, 3ಕ್ಕೆ 0.4. ಕಡಿದಿದ್ದದ್ದು ಥರ್ಮಲ್ ಫ್ಯೂಸ್ ಮಾತ್ರ. ಲೆಕ್ಕ ಹಾಕಿದರೆ ಕಾರಣ ತಿಳಿಯುತ್ತದೆ. 1ರಲ್ಲಿ ಮೋಟರ್ ಸರಿಯಾಗಿ ತಿರುಗುವಾಗ 3.5 ಆಂಪಿಯರ್, ರೆಸಿಸ್ಟರಿನಲ್ಲಿ ಸುಮಾರು 29 ವ್ಯಾಟ್, ಮೇಲೆ ಗಾಳಿಯೂ ಇದೆ. ಬುಶ್ ಬಿಗಿಯಾಗಿ 1ರಲ್ಲಿ ಮೋಟರ್ ತಿರುಗದೇ ನಿಂತರೆ ಹೆಚ್ಚುಕಡಿಮೆ 4.8 ಆಂಪಿಯರ್, 55 ವ್ಯಾಟ್, ಗಾಳಿಯೇ ಇಲ್ಲ. 30 ಆಂಪಿಯರಿನ ಫ್ಯೂಸಿಗೆ 4.8 ಏನೂ ಅಲ್ಲ, ಅದು ಹೋಗುವುದಿಲ್ಲ. ಡಬ್ಬಿಯೊಳಗೆ ಹೀಟರ್ ಉರಿದಂತೆ ಉರಿಯುತ್ತಿರುತ್ತದೆ. ಅದನ್ನು ತಡೆಯಲೆಂದೇ ಆ ಪುಟ್ಟ ಥರ್ಮಲ್ ಫ್ಯೂಸ್ ಇರುವುದು. ಅದರ ಮೇಲೆ ಒಂದು ತುಂಡು ವಯರ್ ಬೆಸೆದು ಕೊಡುವ ರಿಪೇರಿ ನಮ್ಮಲ್ಲಿ ಚಾಲ್ತಿಯಲ್ಲಿದೆ. ದಯವಿಟ್ಟು ಮಾಡಿಸಬೇಡಿ. ಸುತ್ತ ಇರುವುದು ಪ್ಲಾಸ್ಟಿಕ್, ಒಣಗಿದ ಎಲೆ, ಕೆಲವೊಮ್ಮೆ ಇಲಿ ತಂದಿಟ್ಟ ಅಡಿಕೆ ಸಿಪ್ಪೆ. ಬೆಂಕಿ ಹತ್ತಲು ಇನ್ನೇನೂ ಬೇಕಿಲ್ಲ. 30ರ ಬದಲು 40ರ ಫ್ಯೂಸ್ ಹಾಕುವುದೂ ಇದೇ ತೂಕದ ತಪ್ಪು.

ಬುಶ್ ಬರೀ ಒಣಗಿದ್ದರೆ ತೆಳು ಮೆಶಿನ್ ಎಣ್ಣೆಯ ಎರಡು ಹನಿ ಸಾಕಾಗುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ಕೆಲವು ವಾರ ಓಡಿ ಮತ್ತೆ ಕಿರುಚುತ್ತದೆ. ಇಲ್ಲಿ ಬುಶ್ ತಿಂದುಹೋಗಿ ಶಾಫ್ಟ್ ಅಲುಗಾಡುತ್ತಿತ್ತು, ಹಾಗಾಗಿ ಹೊಸ ಮೋಟರೇ. ಹೊಸ ರೆಸಿಸ್ಟರ್. ಕಪ್ಲರಿಗೆ ವಯರ್ ಸಮೇತ ಸಿಗುವ ಹೊಸದನ್ನು ತಂದು, ಹಳೆಯ ವಯರನ್ನು ಹೊಳೆಯುವ ತಾಮ್ರ ಕಾಣುವ ತನಕ ಕತ್ತರಿಸಿ, ಕ್ರಿಂಪ್ ಮಾಡಿ, ಮೇಲೆ ಹೀಟ್ ಶ್ರಿಂಕ್ ಸ್ಲೀವ್ ಹಾಕಿದೆ. 4ರ ವಯರ್ 2.5 ಚದರ ಮಿ.ಮೀ.ಗಿಂತ ತೆಳ್ಳಗಿರಬಾರದು. ಹೆಣೆದು ಟೇಪ್ ಸುತ್ತಿದ ಜೋಡಣೆ ನಮ್ಮ ಹವೆಗೆ ಒಂದು ಮಳೆಗಾಲ ತಡೆಯುವುದಿಲ್ಲ.

ಬೇರೆ ಲಕ್ಷಣಗಳನ್ನೂ ಇದೇ ದಾರಿಯಿಂದ ಓದಬಹುದು. 1, 2, 3 ಇದ್ದು 4 ಇಲ್ಲದಿದ್ದರೆ ಸ್ವಿಚ್ ಅಥವಾ ಅದರ ದಪ್ಪ ವಯರ್. ಯಾವುದೂ ಇಲ್ಲದಿದ್ದರೆ ಮೊದಲು ಫ್ಯೂಸ್, ಆಮೇಲೆ ಅದೇ ನಂಬರಿನ ಪಕ್ಕದ ರಿಲೇ ಅದಲುಬದಲು, ಆಮೇಲೆ ಅರ್ತ್. ಡ್ಯಾಶ್‌ಬೋರ್ಡಿಗೆ ಗುದ್ದಿದಾಗ ತಿರುಗಿದರೆ ಕಾರ್ಬನ್ ಸವೆದಿದೆ.

ಆಟೋ ಕ್ಲೈಮೇಟ್ ಕಂಟ್ರೋಲ್ ಇರುವ ಕಾರುಗಳಲ್ಲಿ ಸುರುಳಿಯ ಬದಲು ಅಲ್ಯುಮಿನಿಯಂ ರೆಕ್ಕೆಯ ಟ್ರಾನ್ಸಿಸ್ಟರ್ ಮಾಡ್ಯೂಲ್ ಇರುತ್ತದೆ. ಅದು ಶಾರ್ಟ್ ಆದರೆ ಬ್ಲೋವರ್ ಯಾವಾಗಲೂ ಪೂರ್ಣ ವೇಗದಲ್ಲಿ ಓಡುತ್ತದೆ, ಕಡಿದರೆ ಓಡುವುದೇ ಇಲ್ಲ. ಮೋಟರನ್ನು 30 ಆಂಪಿಯರ್ ಫ್ಯೂಸ್ ಇರುವ ವಯರಿನಿಂದ ನೇರವಾಗಿ ಬ್ಯಾಟರಿಗೆ ಕೊಟ್ಟು ಓಡಿಸಿ, ಕರೆಂಟ್ ಅಳೆದು, ಮೋಟರ್ ಚೆನ್ನಾಗಿದ್ದರೆ ಮಾತ್ರ ಮಾಡ್ಯೂಲಿನ ಕಡೆ ತಿರುಗಬೇಕು. ಬಿಗಿಯಾದ ಮೋಟರಿನ ಮೇಲೆ ಹೊಸ ಮಾಡ್ಯೂಲ್ ಕೂರಿಸಿದರೆ ರೆಸಿಸ್ಟರಿನ ಕಥೆಯೇ, ಬೆಲೆ ಮಾತ್ರ ಹೆಚ್ಚು.

ಎಲ್ಲ ಕೂಡಿಸಿದ ಮೇಲೆ ಅಳತೆ: ಬ್ಯಾಟರಿ 14.0, ಪ್ಲಸ್ ಬದಿಯಲ್ಲಿ 0.4, ಅರ್ತ್ ಬದಿಯಲ್ಲಿ 0.4, ಮೋಟರಿಗೆ 13.2 ವೋಲ್ಟ್, 15 ಆಂಪಿಯರ್. ಪ್ರತಿ ಸ್ಪೀಡಿನಲ್ಲಿ 20 ನಿಮಿಷ ಓಡಿಸಿ ಕಪ್ಲರನ್ನು ಮುಟ್ಟಿ ನೋಡಿದೆ. ಬೆಚ್ಚಗಿರಬಹುದು, ಬೆರಳು ಇಡಲಾಗದಷ್ಟು ಬಿಸಿ ಇರಬಾರದು. ಹಿಂದಿನ ಎರಡು ರೆಸಿಸ್ಟರ್ ಹೋದ ಕಾರಣ 1ರಲ್ಲಿ ಇನ್ನೂ ಅರ್ಧ ಗಂಟೆ ಹೆಚ್ಚು ಓಡಿಸಿದೆ.

ಕೊನೆಗೆ ವೈಪರ್ ಅಡಿಯ ಪ್ಲಾಸ್ಟಿಕ್ ಮುಚ್ಚಳ ತೆಗೆದು ಎಲೆ ಬಾಚಿ, ಎರಡು ಬದಿಗೂ ಒಂದೊಂದು ಲೀಟರ್ ನೀರು ಹೊಯ್ದು ನೋಡಿದೆ. ನೀರು ನಿಲ್ಲದೆ ಮುಂದಿನ ಚಕ್ರಗಳ ಹಿಂದೆ ಅಂಗಳಕ್ಕೆ ಬೀಳಬೇಕು. ಮರದ ಅಡಿ ನಿಲ್ಲಿಸುವ ಕಾರಿಗೆ ಇದನ್ನು ಪ್ರತಿ ವರ್ಷ ಮೇ ಕೊನೆಗೆ ಬರುವ ಪತ್ತನಾಜೆಯ ಆಸುಪಾಸಿನಲ್ಲಿ, ಮಳೆ ಹಿಡಿಯುವ ಮೊದಲು, ಫಿಲ್ಟರ್ ಬದಲಿಸುವಾಗಲೇ ಮಾಡಿಸುತ್ತೇನೆ.