ಪೆನ್‌ಡ್ರೈವ್‌ಗೆ ಕಾಪಿ ನಿಧಾನವೇ? ಫಾರ್ಮ್ಯಾಟ್ ಒತ್ತುವ ಮೊದಲು ಇಷ್ಟು ನೋಡಿ

ಮದುವೆ ಮುಗಿದ ಮನೆಯವರು ವಿಡಿಯೊ ಒಯ್ಯಲು ತುಮಕೂರಿನ ಸ್ಟುಡಿಯೊಗೆ ಬಂದಿದ್ದಾರೆ ಎಂದುಕೊಳ್ಳಿ. ಕಡತದ ಗಾತ್ರ 60 ಜಿಬಿ. ಅವರು ತಂದ ಪೆನ್‌ಡ್ರೈವ್ ಸೆಕೆಂಡಿಗೆ 8 ಎಂಬಿ ಮಾತ್ರ ಬರೆಯುತ್ತದೆ. ಲೆಕ್ಕ ಹಾಕಿದರೆ ಎರಡು ಗಂಟೆ ದಾಟುತ್ತದೆ. ಅಷ್ಟರಲ್ಲಿ ಬಸ್ಸು ಹತ್ತಿ ಬೆಂಗಳೂರು ಮುಟ್ಟಬಹುದು. ಸೆಕೆಂಡಿಗೆ 80 ಎಂಬಿ ಬರೆಯುವ ಡ್ರೈವ್ ಆಗಿದ್ದರೆ ಇದೇ ಕೆಲಸ 13 ನಿಮಿಷದೊಳಗೆ ಮುಗಿಯುತ್ತಿತ್ತು. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮೊದಲು ಮಾಡುವುದು ಫಾರ್ಮ್ಯಾಟ್. ಅದು ಕೊನೆಯ ಮದ್ದು, ಅದೂ ಎಲ್ಲ ಕಾಯಿಲೆಗೂ ಅಲ್ಲ. ತಡ ಎಲ್ಲಿ ಆಗುತ್ತಿದೆ ಎಂದು ಮೊದಲು ಹಿಡಿಯಬೇಕು.

ಹಂತ 1: ಅಳೆಯಿರಿ

ಸುಮಾರು 4 ಜಿಬಿಗೆ ಸ್ವಲ್ಪ ಕಡಿಮೆ ಇರುವ ಒಂದೇ ಒಂದು ವಿಡಿಯೊ ಕಡತ ಆರಿಸಿ. ಅದನ್ನು ಕಂಪ್ಯೂಟರ್‌ನ ಒಳಗಿನ ಡಿಸ್ಕಿನಿಂದಲೇ ಪೆನ್‌ಡ್ರೈವ್‌ಗೆ ಕಾಪಿ ಮಾಡಿ. ಮೊಬೈಲ್‌ನಿಂದ ನೇರವಾಗಿ ಹಾಕಿದರೆ ತಡ ಮೊಬೈಲಿನದೋ ಡ್ರೈವಿನದೋ ಗೊತ್ತಾಗುವುದಿಲ್ಲ. ವಿಂಡೋಸ್‌ನ ಕಾಪಿ ಕಿಟಕಿಯಲ್ಲಿ ‘ಮೋರ್ ಡೀಟೇಲ್ಸ್’ ಒತ್ತಿದರೆ ವೇಗದ ಹಸಿರು ನಕ್ಷೆ ತೆರೆಯುತ್ತದೆ.

ಮೊದಲ ಕೆಲವು ಸೆಕೆಂಡಿನ ಅಂಕಿಯನ್ನು ನಂಬಬೇಡಿ. ಆಗ ಕಡತ ಹಲವು ಸಲ ರ‍್ಯಾಮ್‌ನಲ್ಲಿ ಶೇಖರವಾಗುತ್ತಿರುತ್ತದೆ, ಡ್ರೈವಿಗೆ ಇನ್ನೂ ಇಳಿದಿರುವುದಿಲ್ಲ. ಅರ್ಧ ದಾಟಿದ ಮೇಲೆ ನಕ್ಷೆ ಹೇಗಿದೆ ನೋಡಿ. 30ರಿಂದ 40 ಎಂಬಿಯಲ್ಲಿ ಸಮತಟ್ಟಾಗಿ ನಿಂತಿದ್ದರೆ ಅನುಮಾನ ಪೋರ್ಟಿನ, ಅಂದರೆ ಡ್ರೈವ್ ಸಿಕ್ಕಿಸುವ ಕಿಂಡಿಯ, ಮೇಲೆ. 10 ಎಂಬಿಗೂ ಕೆಳಗೆ ಸಮತಟ್ಟಾಗಿದ್ದರೆ ಡ್ರೈವಿನ ಶಕ್ತಿಯೇ ಅಷ್ಟು. ಜೋರಾಗಿ ಹೊರಟು ಒಂದೆರಡು ಜಿಬಿ ಆದ ಮೇಲೆ ಕುಸಿದರೆ ಡ್ರೈವಿನೊಳಗಿನ ಕ್ಯಾಶ್, ಅಂದರೆ ಬಂದದ್ದನ್ನು ಬೇಗ ಹಿಡಿದಿಡುವ ತಾತ್ಕಾಲಿಕ ಜಾಗ, ತುಂಬಿದೆ. ಒಮ್ಮೆ ಸೊನ್ನೆ, ಒಮ್ಮೆ ಏರಿಕೆ ಎಂದು ಗರಗಸದ ಹಲ್ಲಿನಂತೆ ಓಡುತ್ತಿದ್ದರೆ ಚಿಪ್ ತೀರಾ ಅಗ್ಗದ್ದು, ಇಲ್ಲವೇ ಸವೆದಿದೆ.

ಹಂತ 2: ಪೋರ್ಟ್ ಬದಲಿಸಿ

2000ದಲ್ಲಿ ಬಂದ ಯುಎಸ್‌ಬಿ 2.0ರ ಮಿತಿ ಸೆಕೆಂಡಿಗೆ 480 ಮೆಗಾಬಿಟ್. 8 ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ ಎಂಟರಿಂದ ಭಾಗಿಸಿದರೆ ಕಾಗದದ ಮೇಲೆ 60 ಎಂಬಿ. ಕೈಗೆ ಸಿಗುವುದು 30–40. 2008ರ ಯುಎಸ್‌ಬಿ 3.0ರ ಮಿತಿ 5 ಗಿಗಾಬಿಟ್. ಪೆಟ್ಟಿಗೆಯ ಮೇಲೆ ಕಾಣುವ ‘ಯುಎಸ್‌ಬಿ 3.2 ಜೆನ್ 1’ ಎಂಬುದೂ ಅದೇ 5 ಗಿಗಾಬಿಟ್, ಹೆಸರು ಮಾತ್ರ ಹೊಸದು.

ಪೋರ್ಟಿನೊಳಗಿನ ನಾಲಿಗೆ ನೀಲಿಯಾಗಿದ್ದರೆ ಸಾಮಾನ್ಯವಾಗಿ ಅದು 3.0. ಎಲ್ಲ ತಯಾರಕರೂ ಈ ಬಣ್ಣ ಪಾಲಿಸುವುದಿಲ್ಲ. ಪಕ್ಕದಲ್ಲಿ ‘ಎಸ್‌ಎಸ್’ ಗುರುತೂ ಇದೆಯೇ ನೋಡಿ. ಪೆನ್‌ಡ್ರೈವಿನ ಬಾಯೊಳಗೆ ಇಣುಕಿದರೆ 2.0ರಲ್ಲಿ 4 ಪಿನ್, 3.0ರಲ್ಲಿ ಅದರ ಹಿಂದೆ ಇನ್ನೂ 5 ಪಿನ್ ಇರುತ್ತವೆ.

ಹಲವರಿಗೆ ತಿಳಿಯದ ಒಂದು ಸಂಗತಿ ಇಲ್ಲಿದೆ. 3.0 ಡ್ರೈವನ್ನು ಮೆಲ್ಲಗೆ ತಳ್ಳಿದರೆ ಮುಂದಿನ 4 ಪಿನ್ ಮೊದಲು ತಾಗಿ, ಕಂಪ್ಯೂಟರ್ ಅದನ್ನು 2.0 ಎಂದು ಗುರುತಿಸಿಬಿಡಬಹುದು. ತೆಗೆದು, ಒಂದೇ ಸಲಕ್ಕೆ ಪೂರ್ತಿ ಒಳಗೆ ಕೂರಿಸಿ. ಡೆಸ್ಕ್‌ಟಾಪ್ ಆದರೆ ಕ್ಯಾಬಿನೆಟ್ಟಿನ ಮುಂದಿನ ಪೋರ್ಟ್ ಬಿಟ್ಟು ಹಿಂದೆ ಮದರ್‌ಬೋರ್ಡಿನಲ್ಲೇ ಇರುವುದಕ್ಕೆ ಹಾಕಿ. ಹಬ್, ಎಕ್ಸ್‌ಟೆನ್ಷನ್ ವೈರ್ ಎರಡನ್ನೂ ತೆಗೆಯಿರಿ. ರಸ್ತೆ ಬದಿಯ ಅಂಗಡಿಯಾದರೆ ಪಿನ್‌ಗಳ ಮೇಲೆ ದೂಳು ಕೂತಿರುತ್ತದೆ. ಡ್ರೈವನ್ನು ಹೊರತೆಗೆದು ಒಣ ಬ್ರಷ್‌ನಿಂದ ಒರೆಸಿದರೆ ಸಾಕು.

ಹಂತ 3: ಪೆಟ್ಟಿಗೆಯ ಅಂಕಿಯನ್ನು ಸರಿಯಾಗಿ ಓದಿ

‘100 ಎಂಬಿವರೆಗೆ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುವುದು ಸಾಮಾನ್ಯವಾಗಿ ಓದುವ ವೇಗ. ನಮಗೆ ಬೇಕಾದದ್ದು ಬರೆಯುವ ವೇಗ. ಅದನ್ನು ಎಷ್ಟೋ ಪೆಟ್ಟಿಗೆಗಳ ಮೇಲೆ ಹಾಕುವುದೇ ಇಲ್ಲ. ಅಗ್ಗದ ಡ್ರೈವ್‌ಗಳು 3.0 ಆಗಿದ್ದರೂ ಬರೆಯುವಾಗ 10 ಎಂಬಿ ಆಸುಪಾಸಿನಲ್ಲೇ ತೆವಳುವುದು ಮಾಮೂಲು.

ಇದಕ್ಕೆ ಕಾರಣ ಫ್ಲ್ಯಾಶ್ ಚಿಪ್‌ನ ಸ್ವಭಾವ. ಅದರಲ್ಲಿ ಬರೆದ ಜಾಗದ ಮೇಲೆ ಹಾಗೇ ಮತ್ತೆ ಬರೆಯಲಾಗದು. ಮೊದಲು ಒಂದು ದೊಡ್ಡ ಬ್ಲಾಕನ್ನೇ ಅಳಿಸಬೇಕು, ಆಮೇಲೆ ಸಣ್ಣ ಸಣ್ಣ ಪುಟಗಳಾಗಿ ಬರೆಯಬೇಕು. ಬ್ಲಾಕಿನಲ್ಲಿ ಉಳಿಸಬೇಕಾದ ಹಳೆಯ ಮಾಹಿತಿ ಇದ್ದರೆ ಅದನ್ನು ಬೇರೆಡೆ ಸಾಗಿಸುವ ಕೆಲಸವೂ ಸೇರುತ್ತದೆ. ಟಿಎಲ್‌ಸಿ ಚಿಪ್‌ನಲ್ಲಿ ಒಂದು ಕೋಶದಲ್ಲೇ 3 ಬಿಟ್ ತುಂಬುತ್ತಾರೆ. ಅಂದರೆ 8 ಮಟ್ಟದ ವೋಲ್ಟೇಜನ್ನು ತಪ್ಪಿಲ್ಲದೆ ಕೂರಿಸಬೇಕು. ಆ ನಿಧಾನ ಮರೆಮಾಡಲು ಕೆಲವು ಡ್ರೈವ್‌ಗಳು ಸ್ವಲ್ಪ ಜಾಗವನ್ನು ಕೋಶಕ್ಕೊಂದು ಬಿಟ್‌ನಂತೆ, ವೇಗದ ಕ್ಯಾಶ್ ಆಗಿ ಬಳಸುತ್ತವೆ. ಅದು ತುಂಬಿದೊಡನೆ ನಿಜವಾದ ವೇಗ ಹೊರಬೀಳುತ್ತದೆ. ಡ್ರೈವ್ ಬಿಸಿಯಾದಾಗಲೂ ಕೆಲವು ತಾವೇ ವೇಗ ತಗ್ಗಿಸಿಕೊಳ್ಳುತ್ತವೆ. ದಿನವಿಡೀ ಕಾಪಿ ಮಾಡುವವರು ಎರಡು ಡ್ರೈವ್ ಸರದಿಯಲ್ಲಿ ಬಳಸುವುದು ಒಳ್ಳೆಯದು.

ಇಂಥ ಡ್ರೈವಿಗೆ ಯಾವ ಸೆಟ್ಟಿಂಗ್ ಬದಲಿಸಿದರೂ ವೇಗ ಬಾರದು. ದೊಡ್ಡ ವಿಡಿಯೊಗಳನ್ನು ಪದೇಪದೇ ಸಾಗಿಸುವವರು ಪೆನ್‌ಡ್ರೈವ್ ಬಿಟ್ಟು ಸಣ್ಣ ಪೋರ್ಟಬಲ್ ಎಸ್‌ಎಸ್‌ಡಿ ಕೊಳ್ಳುವುದೇ ಲೇಸು.

ಹಂತ 4: ಸಣ್ಣ ಕಡತಗಳನ್ನು ಮೂಟೆ ಕಟ್ಟಿ

ಒಂದೇ ವಿಡಿಯೊ ಸಲೀಸಾಗಿ ಹೋಗಿ, 5,000 ಫೋಟೊಗಳ ಫೋಲ್ಡರ್ ಸಿಕ್ಕಿಹಾಕಿಕೊಂಡರೆ ಡ್ರೈವಿನಲ್ಲಿ ದೋಷವಿಲ್ಲ. ಪ್ರತಿ ಕಡತಕ್ಕೂ ಹೆಸರು, ದಿನಾಂಕ, ಜಾಗದ ಪಟ್ಟಿಯನ್ನು ಡ್ರೈವ್ ಬೇರೆ ಬೇರೆಯಾಗಿ ತಿದ್ದಬೇಕು. ಆಂಟಿವೈರಸ್ ಕೂಡ ಒಂದೊಂದನ್ನೂ ತೆರೆದು ನೋಡುತ್ತದೆ. ಹಾಗೆಂದು ಅದನ್ನು ಆಫ್ ಮಾಡಬೇಡಿ, ಜೆರಾಕ್ಸ್ ಅಂಗಡಿಗಳಿಗೆ ಓಡಾಡುವ ಡ್ರೈವ್ ಆದರಂತೂ ಬೇಡವೇ ಬೇಡ.

7-ಜಿಪ್‌ನಲ್ಲಿ ಕಂಪ್ರೆಷನ್ ‘ಸ್ಟೋರ್’ ಎಂದು ಇಟ್ಟು, ಫೋಲ್ಡರನ್ನು ಒಂದೇ ಜಿಪ್ ಮಾಡಿ. ಜೆಪೆಗ್ ಫೋಟೊಗಳು ಮೊದಲೇ ಕುಗ್ಗಿರುವುದರಿಂದ ಇನ್ನಷ್ಟು ಹಿಂಡಿ ಲಾಭವಿಲ್ಲ. ಜಿಪ್ ಕಡತ ಕಂಪ್ಯೂಟರಿನ ಡಿಸ್ಕಿನಲ್ಲೇ ತಯಾರಾಗಲಿ, ಆಮೇಲೆ ಕಾಪಿ ಮಾಡಿ. ಬಿಚ್ಚುವುದನ್ನೂ ಪೆನ್‌ಡ್ರೈವಿನ ಮೇಲೆ ಮಾಡಬೇಡಿ. ಟಿವಿಗೆ ಸಿಕ್ಕಿಸಿ ಫೋಟೊ ನೋಡುವವರಿಗೆ ಮಾತ್ರ ಜಿಪ್ ಕೊಟ್ಟು ಪ್ರಯೋಜನವಿಲ್ಲ. ಅಲ್ಲಿ ತಡವನ್ನು ಒಪ್ಪಿಕೊಳ್ಳಬೇಕು.

ಹಂತ 5: ವಿಂಡೋಸ್ ಸೆಟ್ಟಿಂಗ್

2018ರ ಅಕ್ಟೋಬರ್ ಅಪ್‌ಡೇಟಿನಿಂದ ವಿಂಡೋಸ್ 10ರಲ್ಲಿ ‘ಕ್ವಿಕ್ ರಿಮೂವಲ್’ ಡೀಫಾಲ್ಟ್ ಆಗಿದೆ. ಅಂದರೆ ಬರೆಯಬೇಕಾದದ್ದನ್ನು ಕಂಪ್ಯೂಟರ್ ತನ್ನ ಕ್ಯಾಶ್‌ನಲ್ಲಿ ಹೆಚ್ಚು ಹಿಡಿದಿಡದೆ ಡ್ರೈವಿಗೆ ಇಳಿಸುತ್ತದೆ. ಡಿವೈಸ್ ಮ್ಯಾನೇಜರ್ ತೆರೆದು, ಡಿಸ್ಕ್ ಡ್ರೈವ್ಸ್‌ನಲ್ಲಿ ಪೆನ್‌ಡ್ರೈವಿನ ಪ್ರಾಪರ್ಟೀಸ್‌ಗೆ ಹೋಗಿ, ‘ಪಾಲಿಸೀಸ್’ನಲ್ಲಿ ‘ಬೆಟರ್ ಪರ್ಫಾರ್ಮೆನ್ಸ್’ ಆರಿಸಿದರೆ ಸಣ್ಣ ಕಡತಗಳಲ್ಲಿ ಸ್ವಲ್ಪ ಚುರುಕು ಕಾಣಬಹುದು. ಆಮೇಲೆ ಪ್ರತಿ ಸಲ ‘ಇಜೆಕ್ಟ್’ ಮಾಡಿಯೇ ತೆಗೆಯಬೇಕು. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನಲ್ಲಿ ಇದನ್ನು ಮಾಡಲೇಬೇಡಿ: ನಡುವೆ ಕರೆಂಟ್ ಹೋದರೆ ಕಂಪ್ಯೂಟರಿನ ಕ್ಯಾಶ್‌ನಲ್ಲಿದ್ದದ್ದು ಹೋದಂತೆಯೇ.

ಹಂತ 6: ಈಗ ಫಾರ್ಮ್ಯಾಟ್

ಡ್ರೈವಿನಲ್ಲಿ ಕಡತಗಳನ್ನು ಜೋಡಿಸಿಡುವ ಪದ್ಧತಿಗಳಲ್ಲಿ ಎಕ್ಸ್‌ಫ್ಯಾಟ್, ಫ್ಯಾಟ್32 ಎರಡು. ಇರುವುದನ್ನೆಲ್ಲ ಬೇರೆಡೆ ಕಾಪಿ ಇಟ್ಟುಕೊಂಡು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ಅಲೋಕೇಶನ್ ಗಾತ್ರ ಡೀಫಾಲ್ಟ್ ಇರಲಿ. ಫ್ಯಾಟ್32ರಲ್ಲಿ 4 ಜಿಬಿ ಮುಟ್ಟಿದ ಕಡತ ಹೋಗುವುದೇ ಇಲ್ಲ. ಹಳೆಯ ಟಿವಿ, ಕಾರ್ ಸ್ಟಿರಿಯೊಗಳು ಮಾತ್ರ ಅದನ್ನೇ ಕೇಳಬಹುದು.

ಇಷ್ಟಾದರೂ ಗರಗಸ ನಿಲ್ಲದಿದ್ದರೆ, ಅಥವಾ ನಂಬಲಾಗದಷ್ಟು ಕಡಿಮೆ ಬೆಲೆಗೆ ‘1 ಟಿಬಿ’ ಸಿಕ್ಕಿದ್ದರೆ, ಖಾಲಿ ಡ್ರೈವಿನ ಮೇಲೆ ‘ಎಚ್2ಟೆಸ್ಟ್‌ಡಬ್ಲ್ಯೂ’ ಓಡಿಸಿ. ಲಿನಕ್ಸ್‌ನಲ್ಲಿ ‘ಎಫ್3’ ಇದೆ. ಹೇಳಿದಷ್ಟು ಜಾಗ ನಿಜಕ್ಕೂ ಇದೆಯೇ ಎಂದು ಪರೀಕ್ಷಿಸುವ ತಂತ್ರಾಂಶಗಳಿವು. ಇವು ಜಾಗವನ್ನು ಪೂರ್ತಿ ತುಂಬಿ, ಮತ್ತೆ ಓದಿ ತಾಳೆ ನೋಡುತ್ತವೆ. ದೊಡ್ಡ ಡ್ರೈವಿಗೆ ಗಂಟೆಗಟ್ಟಲೆ ಹಿಡಿಯುತ್ತದೆ, ರಾತ್ರಿ ಹಚ್ಚಿಟ್ಟು ಮಲಗಿ. ಬೆಳಿಗ್ಗೆ ಒಂದೇ ಒಂದು ದೋಷ ತೋರಿಸಿದರೂ ಆ ಡ್ರೈವಿಗೆ ಯಾರ ಮದುವೆ ವಿಡಿಯೊವನ್ನೂ ಹಾಕಿ ಕೊಡಬೇಡಿ.